ನಂಗುಮರಿ

ಅಳಿಸುವಾಗ ಹೆಸರಿನ ತಲೆಯಿಂದ ಶುರುಮಾಡಬೇಕೋ ಬಾಲದಿಂದಲೋ ಎಂಬುದೇ ನೊಲ್ಬೆರ್ತೊಗೆ ತಿಳಿಯಲಿಲ್ಲ. ಬರೆಯುವಾಗ ಈ ಕಷ್ಟ ಇರಲಿಲ್ಲ. ಆಗ ಮಗಳು ಹೆಗಲ ಮೇಲೆ ಕೂತು ಬಣ್ಣದ ಡಬ್ಬಿ ಹಿಡಿದಿದ್ದಳು, ಕೆಂಪು ಬಣ್ಣ ಅವನ ಕಿವಿಯ ಮೇಲೆ, ಕತ್ತಿನ ಮೇಲೆ ತೊಟ್ಟಿಕ್ಕುತ್ತಿತ್ತು, ಇಬ್ಬರೂ ನಗುತ್ತಿದ್ದರು. ಈಗ ಮರಳ ಮೇಲೆ ಎಳೆದಿಟ್ಟ ದೋಣಿಯ ಮೂತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕುಂಚವನ್ನು ಡಬ್ಬಿಗೆ ಅದ್ದುತ್ತಾನೆ, ತೆಗೆಯುತ್ತಾನೆ, ಮತ್ತೆ ಅದ್ದುತ್ತಾನೆ. ದೋಣಿ ಹಳದಿ, ಕೈಯಲ್ಲಿರುವುದು ಬಿಳಿ. ಹಳದಿ ಬಣ್ಣ ತರಬೇಕೆಂದು ವಾರವಿಡೀ ಅಂದುಕೊಂಡಿದ್ದ. ಅಂದುಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಪುಂತಾ ಸಾಲಾದ ದಂಡೆಯಲ್ಲಿ ಯಾರೂ ಇಲ್ಲ. ಭಾನುವಾರ ಬಂದೇಬಿಟ್ಟಿತು, ಮಧ್ಯಾಹ್ನದ ಊಟಕ್ಕೆ ಅವರೂ ಬಂದುಬಿಡುತ್ತಾರೆ, ಹೆಸರು ಮಾತ್ರ ಇನ್ನೂ ಹಾಗೇ ಇದೆ: ನಂಗುಮರಿ. ಕಣ್ಣು ಮುಚ್ಚಿಕೊಂಡು ನಡುವೆಯೇ ಒಂದು ಗೆರೆ ಎಳೆದ. ಬಿಳಿಯ ಅಡಿಯಿಂದ ಕೆಂಪು ಗುಲಾಬಿಯಾಗಿ ಹಣಕಿತು. ಅದರ ಮೇಲೆ ಇನ್ನೊಂದು ಗೆರೆ ಎಳೆದ.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಏಡಿ ತಲೆಯೆತ್ತಿದ. ಹಗ್ಗ ಸುತ್ತುವ ಯಂತ್ರಕ್ಕೆ ಮೂರು ಬೆರಳು ಕೊಟ್ಟ ದಿನದಿಂದ ಅವನು ಏಡಿ. ಅದಕ್ಕೆ ಮೊದಲು ಏನು ಹೆಸರಿತ್ತೋ ಅವನ ಹೆಂಡತಿಗೂ ನೆನಪಿಲ್ಲ. ಪಾದ್ರಿ ನೀರು ಚಿಮುಕಿಸಿ ಇಟ್ಟ ಹೆಸರು ಆ ದಂಡೆಯಲ್ಲಿ ನೀರು ಆರುವವರೆಗೆ ಮಾತ್ರ. ಆಮೇಲೆ ದಂಡೆ ಇಟ್ಟದ್ದೇ ಹೆಸರು.

“ಎಂತ ಮಾಡ್ತಿದ್ದಿ ಮಾರಾಯ?”

“ಬಣ್ಣ ಹಚ್ತಿದ್ದೇನೆ. ಕಾಣುದಿಲ್ವಾ?”

“ಕಾಣ್ತದೆ. ಅದಕ್ಕೇ ಕೇಳಿದ್ದು.” ಏಡಿ ಬಲೆ ಕೆಳಗಿಟ್ಟ. ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಒಂದು ಗಳಿಗೆ ನಿಂತವನು ಅಡುಗೆಯಂಗಡಿಗಳ ಕಡೆ ಸರಸರ ನಡೆದುಬಿಟ್ಟ. ಟೋಪಿ ತೆಗೆದದ್ದನ್ನು ನೊಲ್ಬೆರ್ತೊ ಕಂಡ, ಆದರೆ ಅದರ ಅರ್ಥ ಅವನ ತಲೆಯೊಳಗೆ ಇಳಿಯಲಿಲ್ಲ. ತಲೆಯೊಳಗೆ ಜಾಗವಿರಲಿಲ್ಲ.

ಕ್ಲೋರಿಂದಾ ಫೋನು ಮಾಡಿದ್ದಳು. ಹೆಂಡತಿ ಎಂದರೆ ಹೆಂಡತಿ. ಬಿಟ್ಟುಹೋಗಿ ಹದಿನೈದು ವರ್ಷವಾದರೂ ಬಿಡುಗಡೆ ಬೇಕೆಂದು ಇಬ್ಬರೂ ಕೇಳಲಿಲ್ಲ. ಮಗಳಿಗೆ ಹನ್ನೊಂದು ವರ್ಷವಿದ್ದಾಗ ಕೈಹಿಡಿದು ಕರೆದುಕೊಂಡು ಕೊಕಿಂಬೊದಲ್ಲಿ ಅಕ್ಕನ ಮನೆ ಸೇರಿದವಳು ಅಲ್ಲೇ ಉಳಿದಳು. “ಯಾಸ್ನಾ ಭಾನುವಾರ ಅಲ್ಲಿಗೆ ಬರ್ತಾಳೆ. ಮದುವೆ ಆಗುವ ಹುಡುಗ, ಅವನ ತಾಯಿ, ಸಾಂತಿಯಾಗೊದವರು. ಅವಳು ಹುಟ್ಟಿದ ಜಾಗ ನೋಡ್ಬೇಕಂತೆ ಅವರಿಗೆ. ನಿನ್ನ ಹತ್ರ ಅವಳು ಕೇಳುದು ಒಂದೇ. ಆ ಹೆಸರು ಅವರೆದುರು ಯಾರ ಬಾಯಲ್ಲೂ ಬರ್ಬಾರ್ದು.” ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣಿನ ವಿಷಯ ಅವರಿಗೆ ಗೊತ್ತುಂಟಾ ಎಂದು ಕೇಳಿದ. ಹುಡುಗನಿಗೆ ಗೊತ್ತುಂಟು, ತಾಯಿಗೆ ಇಲ್ಲ. ಆಪರೇಷನ್ ಆದ ಮೇಲೆ ನೇರ ಆಗಿದೆ, ಯಾರಿಗೂ ತಿಳಿಯುದಿಲ್ಲ. “ಈಗ ಕಾಣ್ತದಾ?” ಎಂದ. “ನೇರ ಮಾಡಿದ್ದು ಅಷ್ಟೇ, ನೊಲ್ಬೆರ್ತೊ. ಕಾಣುವ ಹಾಗೆ ಮಾಡ್ಲಿಕ್ಕೆ ಆಗ್ತದಾ?” ನಾನು ಅವಳ ಅಪ್ಪ ಅಂತ ಹೇಳ್ಬಹುದಾ ಎಂದು ಅವನು ಕೇಳಿದ್ದಕ್ಕೆ, ಅದನ್ನ ಅವಳನ್ನೇ ಕೇಳು ಎಂದು ಫೋನು ಇಟ್ಟಳು. ಅವನಿಗೆ ಬೇಕಾದದ್ದು ಅದೊಂದೇ. ಅವಳು ಬರಬೇಕು, ಆ ಜನರೆದುರು ಒಂದು ಸಲ ಅಪ್ಪಾ ಅನ್ನಬೇಕು. ಅಷ್ಟಾದರೆ ಸಾಕು, ಆಮೇಲೆ ಬಾರದಿದ್ದರೂ ಚಿಂತೆಯಿಲ್ಲ ಎಂದುಕೊಂಡ. ಸುಳ್ಳು. ಬಾರದಿದ್ದರೆ ಚಿಂತೆಯಿತ್ತು.

ಮನೆಮನೆಗೂ ಹೋಗಿ ಹೇಳಿಕೊಂಡು ಬಂದಿದ್ದ. ಐವತ್ತೆಂಟರ ಗಂಡಸು, ಹಿಡಿಯಲ್ಲಿ ಟೋಪಿ ಹಿಂಡುತ್ತ, ಬಾಗಿಲ ಹೊರಗೆ ನಿಂತು. “ಭಾನುವಾರ ಯಾಸ್ನಾ ಬರ್ತಾಳೆ. ಅವಳನ್ನ ಯಾಸ್ನಾ ಅಂತಲೇ ಕರೀಬೇಕು ನೀವು.” ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ: “ಯಾರು ಯಾಸ್ನಾ?” ನನ್ನ ಮಗಳು ಎಂದಾಗ ಮುಖ ಅರಳುತ್ತಿತ್ತು. “ಅಯ್ಯೋ, ನಂಗುಮರಿ! ಹಾಗೆ ಹೇಳ್ಬಾರ್ದಾ? ಅವಳಿಗೆ ಇನ್ನೊಂದು ಹೆಸರೂ ಉಂಟಾ?” ಅವರ ತಪ್ಪೇನು? ಕೂಗಿ ಕೂಗಿ ಅವರ ನಾಲಗೆಗೆ ಹತ್ತಿಸಿದವನು ಅವನೇ. ಬೆಳಗಿನ ಜಾವ ಮೀನು ಹಿಡಿದು ಬರುವಾಗ ಅಲೆಯಾಚೆಯಿಂದಲೇ ಕೈಗಳನ್ನು ಬಾಯಿಗೆ ಗೂಡುಕಟ್ಟಿ ಕೂಗುತ್ತಿದ್ದ, ಅವಳು ಗುಡಿಸಲಿನಿಂದ ಓಡಿ ಬರುತ್ತಿದ್ದಳು. ಒಂದು ಕಣ್ಣು ಅವನ ಕಡೆ, ಇನ್ನೊಂದು ಮೂಗಿನ ಕಡೆ.

ಹುಟ್ಟುವಾಗ ಎರಡೂ ನೆಟ್ಟಗಿದ್ದವು. ಮೂರು ತುಂಬಿದ ಮೇಲೆ ಬಲಗಣ್ಣು ಒಳಕ್ಕೆ ವಾಲತೊಡಗಿತು, ಮೊದಮೊದಲು ನಿದ್ದೆ ಬಂದಾಗ, ಆಮೇಲೆ ಯಾವಾಗಲೂ. ಕ್ಲೋರಿಂದಾ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಹೋಗುತ್ತಿದ್ದ ಕಾಲ. ಆರೋಗ್ಯ ಕೇಂದ್ರಕ್ಕೆ ಮಗುವನ್ನು ಹೊತ್ತುಕೊಂಡು ಹೋದವನು ಅವನು. ನರ್ಸಮ್ಮ ಬೆರಳು ಆಡಿಸಿದಳು, ದೀಪ ಹಿಡಿದಳು, ಹತ್ತಿಯ ಉಂಡೆ ಇಟ್ಟು ಪಟ್ಟಿ ಅಂಟಿಸಿ ಎಡಗಣ್ಣು ಮುಚ್ಚಿದಳು. ಮಗು ಕಿರುಚಿತು. ಕತ್ತಲೆ ಅಪ್ಪಾ, ಕತ್ತಲೆ, ಎಂದು ಗಾಳಿಯಲ್ಲಿ ಕೈ ಬಡಿಯಿತು. ನರ್ಸಮ್ಮ ತಡೆಯುವ ಮೊದಲೇ ಅವನು ಪಟ್ಟಿಯನ್ನು ಕಿತ್ತುಹಾಕಿದ. ಮಗುವಿನ ಮೋರೆ ಮುಚ್ಚಿದರೆ ಕತ್ತಲಾಗದೆ ಇರುತ್ತದೆಯೇ ಎಂದು ರೇಗಿದ. ಮುಚ್ಚಿದ್ದು ಒಂದೇ ಕಣ್ಣು. ಇನ್ನೊಂದು ತೆರೆದೇ ಇತ್ತು, ಕಿಟಕಿಯ ಬೆಳಕಿಗೆ ಎದುರಾಗಿ. ಇದು ಅವನಿಗೆ ಹೊಳೆದದ್ದು ಎಂಟು ವರ್ಷದ ಮೇಲೆ, ಕೊಕಿಂಬೊದ ಆಸ್ಪತ್ರೆಯ ಬೆಂಚಿನ ಮೇಲೆ, ಆ ಕಣ್ಣಿನ ಹಿಂದಿನ ಪರದೆ ಯಾವಾಗಲೋ ಕಳಚಿಬಿದ್ದಿದೆ, ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿ ಒಳಗೆ ಹೋದ ಮೇಲೆ. ನರ್ಸಮ್ಮ ಅಂದೇ ಹೇಳಿದ್ದಳು, ತಡಮಾಡಬೇಡ, ದೊಡ್ಡಾಸ್ಪತ್ರೆಗೆ ಹೋಗು ಎಂದು. ಹೂಂ ಎಂದಿದ್ದ. ನಂಗು ಮೀನು ಮರಳಿಗೆ ಹತ್ತಿರ ಬರುವ ಕಾಲ ಅದು, ಬಲೆ ಬಿಟ್ಟಲ್ಲೆಲ್ಲ ಬೀಳುತ್ತಿತ್ತು. ಈ ಸುಗ್ಗಿ ಮುಗಿಯಲಿ ಎಂದುಕೊಂಡ. ಕ್ಲೋರಿಂದಾಗೆ ಹೇಳಿದರೆ ಸುಮ್ಮನೆ ಹೆದರುತ್ತಾಳೆ ಎಂದುಕೊಂಡು ಅವಳಿಗೂ ಹೇಳಲಿಲ್ಲ. ಅಂದುಕೊಂಡ, ಅಂದುಕೊಂಡ.

ಆ ದಿನ ಆರೋಗ್ಯ ಕೇಂದ್ರದಿಂದ ಬರುವ ದಾರಿಯಲ್ಲಿ ಮಗು ಬಿಕ್ಕುತ್ತಲೇ ಇತ್ತು. ಅಂಗಡಿಯ ಗಾಜಿನಲ್ಲಿ ತನ್ನ ಮುಖ ನೋಡಿ ಬಲಗಣ್ಣಿನ ಮೇಲೆ ಬೆರಳಿಟ್ಟು, ಇದು ಯಾಕೆ ಓಡಿಹೋಗ್ತದೆ ಎಂದು ಕೇಳಿತು. ಅವನಿಗೆ ಗೊತ್ತಿದ್ದದ್ದು ಮೀನಿನ ವಿಷಯ ಒಂದೇ. ಅದನ್ನೇ ಹೇಳಿದ. ನಂಗು ಉಂಟಲ್ಲ, ಅದು ಹುಟ್ಟುವಾಗ ಎಲ್ಲ ಮೀನಿನ ಹಾಗೇ ಇರ್ತದೆ ಮಗಾ. ಉಗುರಿಗಿಂತ ಸಣ್ಣದು, ಗಾಜಿನ ಹಾಗೆ ಆಚೆಯದು ಈಚೆ ಕಾಣ್ತದೆ. ನೆಟ್ಟಗೆ ಈಜ್ತದೆ, ಆ ಬದಿಗೊಂದು ಕಣ್ಣು, ಈ ಬದಿಗೊಂದು ಕಣ್ಣು. ಒಂದು ತಿಂಗಳಾಗುವಾಗ ಬಲಗಣ್ಣಿಗೆ ಬೇಸರ ಬರ್ತದೆ. ಒಬ್ಬನೇ ಈ ಬದಿಯಲ್ಲಿ ಎಂತ ಮಾಡುದು, ಅಣ್ಣ ಆ ಬದಿಯಲ್ಲಿದ್ದಾನೆ ಅಂತ ಹೊರಡ್ತದೆ. ಮೆಲ್ಲ ಮೆಲ್ಲ ನೆತ್ತಿ ಹತ್ತಿ, ನೆತ್ತಿ ಇಳಿದು, ಅಣ್ಣನ ಪಕ್ಕ ಹೋಗಿ ಕೂತ್ಕೊಳ್ತದೆ. ಆಮೇಲೆ ನಂಗು ಕಣ್ಣಿಲ್ಲದ ಬದಿಯನ್ನ ಕೆಳಗೆ ಮಾಡಿ ಮರಳಲ್ಲಿ ಮಲಗಿ, ಎರಡೂ ಕಣ್ಣಲ್ಲಿ ಆಕಾಶ ನೋಡ್ತದೆ. ನಿನ್ನ ಕಣ್ಣೂ ಹೊರಟಿದೆ. ಮಗು ಅಳು ನಿಲ್ಲಿಸಿ, ಹಾಗಾದ್ರೆ ನಾನು ನಂಗುಮರಿಯಾ ಎಂದಿತು. ಹೌದು, ನೀನು ನನ್ನ ನಂಗುಮರಿ. ಅವನ ಜನ್ಮದಲ್ಲಿ ಅಷ್ಟು ಚೆಂದದ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ದಂಡೆಗೆ ಬರುವಷ್ಟರಲ್ಲಿ ಮಗು ಕಂಡವರಿಗೆಲ್ಲ ತಾನೇ ಸಾರುತ್ತಿತ್ತು. ದೋಣಿಗೆ ಹೆಸರು ಬರೆದದ್ದು ಅದೇ ವಾರ. ಶಾಲೆಗೆ ಹೋದ ಮೇಲೆ ಅದೇ ಹೆಸರನ್ನು ಮಕ್ಕಳು ಹೇಗೆ ಹೇಳಿದರು, ಯಾವ ರಾಗದಲ್ಲಿ ಹೇಳಿದರು ಎಂಬುದು ಬೇರೆ ಮಾತು. ಮನೆಗೆ ಬಂದು ಅವಳು ಹೇಳುತ್ತಿರಲಿಲ್ಲ. ಅವನು ಅಲೆಯಾಚೆಯಿಂದ ಕೂಗಿದಾಗ ಓಡಿ ಬರುವುದನ್ನು ಮಾತ್ರ ಬಿಟ್ಟಳು. ಆಗಲೂ ತಿರುಗಿ ನೋಡುತ್ತಿದ್ದಳು, ಎಷ್ಟಾದರೂ.

ಯಾರೋ ಹಿಂದಿನಿಂದ ಬಂದು ಅವನನ್ನು ಬಾಚಿ ತಬ್ಬಿಕೊಂಡರು. ಹುರಿದ ಎಣ್ಣೆಯ, ಈರುಳ್ಳಿಯ ವಾಸನೆ. ಓರ್ಫೆಲಿನಾ, ದಂಡೆಯ ಮೊದಲನೇ ಅಡುಗೆಯಂಗಡಿಯವಳು, ಅವನ ಮದುವೆಗೆ ಕೇಕು ಮಾಡಿದವಳು. ತಲೆಯ ಮೇಲೆ ಕಪ್ಪು ಶಾಲು ಹೊದ್ದಿದ್ದಳು, ಕೆನ್ನೆ ಒದ್ದೆಯಾಗಿತ್ತು.

“ಯಾವಾಗ ಹೋದದ್ದು ಮಗು? ಬಸ್ಸು ಉರುಳಿತಾ? ಹೇಳು ಮಾರಾಯ, ನುಂಗಿಕೊಳ್ಬೇಡ. ನಿನ್ನೆ ಅಷ್ಟೇ ಬಂದು ಹೇಳಿ ಹೋದಿಯಲ್ಲ, ಬರ್ತಾಳೆ ಬರ್ತಾಳೆ ಅಂತ.”

ಕುಂಚದಿಂದ ಬಣ್ಣ ಅವನ ಚಪ್ಪಲಿಯ ಮೇಲೆ ಬಿತ್ತು. ಆಗ ಇಳಿಯಿತು ಅವನ ತಲೆಗೆ, ಏಡಿಯ ಟೋಪಿ. ಪುಂತಾ ಸಾಲಾದಲ್ಲಿ ದೋಣಿಗೆ ಇಟ್ಟ ಹೆಸರನ್ನು ಬಿಸಿಲು ತಿನ್ನಬಹುದು, ಉಪ್ಪು ತಿನ್ನಬಹುದು. ಮನುಷ್ಯ ಅಳಿಸುವುದು ಆ ಹೆಸರಿನವರು ಸತ್ತಾಗ ಮಾತ್ರ. ತಾಯಿಯ ಹೆಸರಿನ ದೋಣಿಯನ್ನು ಅವನೇ ಹೀಗೆ ಬಿಳಿ ಬಣ್ಣದಲ್ಲಿ ಅಳಿಸಿದ್ದ, ಇದೇ ಜಾಗದಲ್ಲಿ, ಹೀಗೇ ಕುಕ್ಕರಗಾಲಲ್ಲಿ. ಇದು ಇಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳಿಗೂ ಗೊತ್ತು. ಅವನಿಗೆ ಹೇಗೆ ಮರೆತುಹೋಯಿತು?

“ಯಾರೂ ಸಾಯಲಿಲ್ಲ. ಬರ್ತಾಳೆ. ಈಗ ಬರ್ತಾಳೆ. ಆ ಹೆಸರು ಅವಳ ಕಣ್ಣಿಗೆ ಬೀಳುದು ಬೇಡ ಅಂತ ನಾನು…”

ಓರ್ಫೆಲಿನಾ ಅವನನ್ನು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅಳು ಒಂದೇ ಉಸಿರಿಗೆ ಸಿಟ್ಟಾಯಿತು. “ಥೂ ನಿನ್ನ! ಬದುಕಿದ್ದವಳ ಹೆಸರು ಅಳಿಸ್ತಿಯಾ? ನಿನ್ನ ಕೈಗೆ ಬರ ಬರ್ಲಿ! ಸಂತ ಪೆದ್ರೊನ ಮುಂದೆ ಮೇಣದಬತ್ತಿ ಹಚ್ಚಿಯಾಯ್ತಲ್ಲೋ ಅವಳ ಹೆಸರಲ್ಲಿ!” ಎನ್ನುತ್ತಲೇ ಶಾಲು ಕಿತ್ತು ಕಂಕುಳಿಗೆ ತುರುಕಿ, ಬತ್ತಿ ಆರಿಸಲು ಸಂತನ ಗೂಡಿನ ಕಡೆ ಓಡಿದಳು. ಅವಳು ಓಡುವುದನ್ನು ಕಂಡು ಪೆಲಿಕನ್‌ಗಳು ರೆಕ್ಕೆ ಬಡಿದು ದಾರಿ ಬಿಟ್ಟವು. ಅಂಗಡಿಯ ಬಾಗಿಲಲ್ಲಿ ಬಾವುಟದ ಕಂಬಕ್ಕೆ ಸಾವಿನ ಗುರುತೆಂದು ಆಗಲೇ ಕಟ್ಟಿದ್ದ ಕಪ್ಪು ಬಟ್ಟೆಯನ್ನು ಬಿಚ್ಚುವುದು ಮಾತ್ರ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಅವನು ದೋಣಿಯ ಮುಂದೆ ನಿಂತೇ ಇದ್ದ. ಬಣ್ಣವನ್ನು ಬೆರಳಿಂದ ಕೆರೆದು ನೋಡಿದ, ಬಿಸಿಲಿಗೆ ಆಗಲೇ ಒಣಗಿತ್ತು. ದಿಬ್ಬದ ಮೇಲೆ ಒಂದು ಬೂದು ಬಣ್ಣದ ಕಾರು ತಿರುಗಿತು.

ಇಳಿದವಳನ್ನು ಅವನು ಕೂಡಲೇ ಗುರುತಿಸಲಿಲ್ಲ. ಇದನ್ನು ಅವನು ತನಗೂ ಹೇಳಿಕೊಳ್ಳಲಾರ. ಕ್ಲೋರಿಂದಾಳ ನಡಿಗೆ, ತನ್ನದೇ ಗಲ್ಲ, ಎಲ್ಲ ಇತ್ತು. ಆದರೆ ಮುಖ ನೆಟ್ಟಗಿತ್ತು. ಹಿಂದೆ ಅವಳ ಎಡಗಣ್ಣು ಎತ್ತ ನೋಡುತ್ತಿದೆಯೋ ಅತ್ತಲೇ ಅವಳ ಮನಸ್ಸು ಎಂಬುದು ಅವನಿಗೆ ತಿಳಿಯುತ್ತಿತ್ತು, ಆ ಒಂದು ಕಣ್ಣನ್ನು ಹಿಡಿದುಕೊಂಡೇ ಅವಳನ್ನು ಬೆಳೆಸಿದ್ದ. ಈಗ ಎರಡೂ ಒಟ್ಟಿಗೆ ಅವನ ಮೇಲೆ ನಿಂತವು. ಯಾವುದನ್ನು ನೋಡಬೇಕು ತಿಳಿಯದೆ ಅವನು ನೆಲ ನೋಡಿದ.

“ಇವರು ದೋನ್ ನೊಲ್ಬೆರ್ತೊ,” ಎಂದಳು ಯಾಸ್ನಾ, ಪಟ್ಟಣದ ಮಾತಿನಲ್ಲಿ, ಹೊರಗಿನವರಿಗೆ ಕೊಡುವ ಮರ್ಯಾದೆಯಿಂದ. “ಈ ಕಡೆ ಮೀನಿನ ವಿಷಯ ಇವರಿಗೆ ಗೊತ್ತಿರೋವಷ್ಟು ಯಾರಿಗೂ ಗೊತ್ತಿಲ್ಲ.”

ಮೀನು ಕುಯ್ಯುತ್ತಿದ್ದ ಏಡಿಯ ಚೂರಿ ನಿಂತಿತು. ಒಲೆಯ ಮುಂದೆ ಓರ್ಫೆಲಿನಾ ಸೌಟು ಕುಟ್ಟಿದಳು. ನೊಲ್ಬೆರ್ತೊ ತನ್ನ ಕಿವಿಯೊಳಗೆ ನೀರು ಹೊಕ್ಕಂತೆ ಆ ಮಾತನ್ನು ಕೇಳಿದ. ಆಮೇಲೆ, ಬನ್ನಿ ಸೆನ್ಯೋರೀತಾ, ಬನ್ನಿ ಅಮ್ಮ, ಎಂದು ಬಹುವಚನದಲ್ಲಿ ಕರೆದು ಬೆಂಚನ್ನು ಅಂಗಿಯ ತೋಳಿನಿಂದಲೇ ಒರೆಸಿದ. ತನ್ನ ಧ್ವನಿ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಅಸಹ್ಯವಾಯಿತು. ಹುಡುಗನ ಹೆಸರು ಗೊನ್ಸಾಲೊ, ಒಳ್ಳೆಯವನಂತೆ ಕಂಡ, ನೊಲ್ಬೆರ್ತೊನ ಕೈ ಕುಲುಕಿ ಒಂದು ಗಳಿಗೆ ಹೆಚ್ಚೇ ಹಿಡಿದುಕೊಂಡ. ಹುಡುಗನಿಗೆ ಎಲ್ಲ ಗೊತ್ತಿರಬೇಕು. ತಾಯಿ ಇವೊನ್, ಬಿಳಿ ಪ್ಯಾಂಟು, ದೊಡ್ಡ ಟೋಪಿ, ನಗುಮುಖ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಯಾಸ್ನಾ ಬಾಗಿಲ ಕಂಬ ನೋಡಿ, “ಯಾರು ಹೋದದ್ದು?” ಎಂದಳು. “ಯಾರೂ ಇಲ್ಲ… ಹಳೇದು ಅದು,” ಎಂದು ಏಡಿ ಚೂರಿ ಒರೆಸಿಕೊಂಡ. ಬಾಯಿಗೆ ಬಂದ ಹೆಸರನ್ನು ಅವನು ನುಂಗಿದ್ದು ಗಂಟಲಲ್ಲಿ ಕಾಣಿಸಿತು. ಇಡೀ ದಂಡೆ ಹಾಗೇ ನುಂಗಿಕೊಂಡು ನಿಂತಿತ್ತು, ಪಾಪ, ಮಾತು ಕೊಟ್ಟಿದ್ದಕ್ಕೆ.

ಇವೊನ್‌ಗೆ ತಾನೇ ಆರಿಸಿದ ಮೀನು ಬೇಕಿತ್ತು. “ಪೇಟೆಯಲ್ಲಿ ನಂಗು ಅಂತ ಏನೇನೋ ಕೊಟ್ಟುಬಿಡ್ತಾರೆ ನೋಡಿ. ಅಸಲಿ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?”

“ತುಂಡು ಮಾಡಿದ ಮೇಲೆ ನಾನೂ ಹೇಳಲಾರೆ ಅಮ್ಮ. ಇಡೀ ಮೀನು ಕೇಳ್ಬೇಕು,” ಎಂದು ನೊಲ್ಬೆರ್ತೊ ಕಲ್ಲಿನ ಮೇಲೆ ಮೂರನ್ನು ಹರಡಿದ. ಇಲ್ಲಿ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ, ದೊಡ್ಡಗಣ್ಣಿನದು, ಸಣ್ಣಗಣ್ಣಿನದು. ನಲವತ್ತು ವರ್ಷದಿಂದ ಕೇಳಿದವರಿಗೆಲ್ಲ ಹಾಗೇ ಹೇಳಿದ್ದಾನೆ. ಬಾಯಿ ತೆರೆದವನು ಮಗಳ ಕಡೆ ನೋಡಿ ಮುಚ್ಚಿದ. ಕಣ್ಣಿನ ಮಾತೆತ್ತದೆ ಈ ಮೀನನ್ನು ಗುರುತಿಸುವುದಾದರೂ ಹೇಗೆ? ಬಾಯಿ ನೋಡಿ ಎಂದ, ಹಲ್ಲು ನೋಡಿ ಎಂದ, ಇದು ಮರಳಲ್ಲಿ ಹೂತುಕೊಂಡು ಕಾದು, ಹತ್ತಿರ ಬಂದ ಸಣ್ಣ ಮೀನಿನ ಮೇಲೆ ಹಾರುವ ಜಾತಿ, ಸತ್ತದ್ದನ್ನು ಮುಟ್ಟುವುದಿಲ್ಲ ಎಂದ. ಕಿವಿರಿನ ಹಿಂದಿನ ರೆಕ್ಕೆಯ ಮೇಲೆ ಬೆರಳಾಡಿಸಿ, ಮೈಯುದ್ದಕ್ಕೆ ಓಡುವ ಈ ಗೆರೆ ಇಲ್ಲಿ ಕಮಾನಿನ ಹಾಗೆ ಬಾಗಿ ಆಮೇಲೆ ಬಾಲದವರೆಗೆ ನೇರ ಹೋಗುತ್ತದೆ, ನೋಡಿ ಎಂದು ತೋರಿಸಿದ. ಮೇಲಿನ ಬದಿ ಮಲಗಿದ ಮರಳಿನ ಬಣ್ಣ ತಾಳುತ್ತದೆ, ಕಲ್ಲಿದ್ದಲ್ಲಿ ಕಲ್ಲಿನ ಚುಕ್ಕೆ ಬರಿಸಿಕೊಳ್ಳುತ್ತದೆ. ಮೀನನ್ನು ಮಗುಚಿದ. ಕೆಳಗಿನ ಬದಿ ಬೆಳ್ಳಗೆ ನುಣ್ಣಗೆ ಹೊಳೆಯಿತು. ತೊಟ್ಟಿಯಲ್ಲಿ ಸಾಕಿದ ಮೀನಾದರೆ ಇಲ್ಲಿ ಕಪ್ಪು ಕಲೆ ಇರುತ್ತದೆ, ಕಡಲಲ್ಲಿ ಬೆಳೆದದ್ದಕ್ಕೆ ಕಲೆಯಿಲ್ಲ ಎಂದ. ಹೇಳುತ್ತ ಹೇಳುತ್ತ ಅವನಿಗೆ ಗೆಲುವು ಬಂತು. ಮಗಳು ಕೇಳುತ್ತಿದ್ದಾಳೆ ಎಂಬ ಗೆಲುವು.

“ಅಯ್ಯೋ, ಈ ಕಣ್ಣು ನೋಡು ಗೊನ್ಸಾಲೊ!” ಇವೊನ್ ಬಗ್ಗಿದಳು. “ಎರಡೂ ಒಂದೇ ಕಡೆ ಬಂದು ಸೊಟ್ಟಗೆ ಕೂತಿವೆ. ಪಾಪ, ಎಷ್ಟು ವಿಕಾರ! ಹುಟ್ಟುವಾಗಲೇ ಹೀಗೇನಾ ಇದು?”

ಕಡಲು ತನ್ನಷ್ಟಕ್ಕೆ ಬಂದು ಹೋಗುತ್ತಿತ್ತು. ಓರ್ಫೆಲಿನಾಳ ಎಣ್ಣೆ ಚುರುಗುಟ್ಟುತ್ತಿತ್ತು. ಹೇಳಿದರೆ ಆ ದಾರಿ ಪೂರ್ತಿ ನಡೆಯಬೇಕು: ಗಾಜಿನಂಥ ಮರಿ, ಬೇಸರ ಬಂದ ಕಣ್ಣು, ಅಂಗಡಿಯ ಗಾಜು, ಹತ್ತಿಯ ಉಂಡೆ. ಅವನು ಮೀನಿನ ಮೇಲೆ ನೀರು ಸುರಿದ. “ಹೌದಮ್ಮ,” ಎಂದ. “ಹುಟ್ಟುವಾಗಲೇ ಹೀಗೆ.”

“ಅಲ್ಲ,” ಎಂದಳು ಯಾಸ್ನಾ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಮೀನನ್ನೇ ನೋಡುತ್ತಿದ್ದಳು. “ಹುಟ್ಟುವಾಗ ನೆಟ್ಟಗಿರುತ್ತೆ. ಆ ಕಡೆ ಒಂದು, ಈ ಕಡೆ ಒಂದು. ಒಂದು ತಿಂಗಳಾದ ಮೇಲೆ ಬಲಗಣ್ಣು ಹೊರಡುತ್ತೆ. ನೆತ್ತಿ ಹತ್ತಿ ಇಳಿದು ಇನ್ನೊಂದರ ಪಕ್ಕ ಬಂದು ಕೂರುತ್ತೆ.”

“ಅರೆ, ನಿನಗೆ ಹೇಗೆ ಗೊತ್ತು ಇದೆಲ್ಲ?” ಇವೊನ್ ನಕ್ಕಳು.

“ಚಿಕ್ಕವಳಿದ್ದಾಗ ಯಾರೋ ಹೇಳಿದ್ರು,” ಎಂದಳು. ಮೀನನ್ನು ಬೆರಳಿಂದ ಮುಟ್ಟಿ, “ನಂಬಿದ್ದೆ,” ಎಂದಳು.

ಊಟಕ್ಕೆ ಅವನು ಕೂರಲಿಲ್ಲ. ಕೂರಿ ಎಂದು ಗೊನ್ಸಾಲೊ ಎರಡು ಸಲ ಕರೆದ. ಬಲೆಯ ಕೆಲಸ ಉಂಟು ಎಂದು ದೋಣಿಯ ಹತ್ತಿರ ಬಂದು, ಹರಿಯದ ಬಲೆಯನ್ನು ಹೊಲಿಯುತ್ತ ಕೂತ. ಗಾಳಿ ಬೀಸಿದಾಗ ಹುರಿದ ನಂಗಿನ ವಾಸನೆ, ಟೊಮೆಟೊ ಹೆಚ್ಚಿದ ವಾಸನೆ, ಇವೊನಳ ನಗು. ಮಗಳ ನಗು ಯಾವುದು ಎಂದು ಹುಡುಕಿದ, ಸಿಗಲಿಲ್ಲ. ‘ಯಾರೋ ಹೇಳಿದ್ರು.’ ಆ ಮಾತನ್ನು ಅವನು ಮುಳ್ಳು ತೆಗೆಯುವವನಂತೆ ನಾಲಗೆಯಲ್ಲಿ ಹೊರಳಿಸಿ ನೋಡಿದ. ಸರಿಯೇ ಅಲ್ಲವೇ, ಸುಳ್ಳು ಹೇಳಿದವನು ಅವನು, ನಿಜ ಹೇಳಿದವಳು ಅವಳು. ಕತೆ ಅವಳಿಗೆ ಅಕ್ಷರ ಅಕ್ಷರ ನೆನಪಿದೆ. ಕತೆ ಉಳಿದಿದೆ, ಹೇಳಿದವನು ಉಳಿದಿಲ್ಲ.

ಮರಳಿನ ಮೇಲೆ ನೆರಳು ಬಿತ್ತು. ಅವಳು ಒಬ್ಬಳೇ ಬಂದಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದು. ದೋಣಿಯ ಮೂತಿಯ ಮುಂದೆ ನಿಂತಳು. ಅವನು ಎದ್ದ.

“ಎಂತಕ್ಕೆ ಅಳಿಸಿದ್ದು?” ಎಂದಳು. ದಂಡೆಯ ಮಾತು ಅವಳ ಬಾಯಿಗೆ ತಾನಾಗಿ ಬಂದಿತ್ತು.

“ನಿಮಗೆ… ನಿನಗೆ ಕಷ್ಟ ಆಗ್ಬಾರ್ದು ಅಂತ. ಅಮ್ಮ ಹೇಳಿದ್ಲು.”

“ಅವರೆದುರು ಕೂಗ್ಬೇಡಿ ಅಂತ ಹೇಳಿ ಕಳಿಸಿದ್ದೆ. ಅಳಿಸಿ ಅಂತ ಹೇಳಿದ್ದೆನಾ?” ಬಿಳಿ ಬಣ್ಣದ ಮೇಲೆ ಅವಳು ಅಂಗೈಯಿಟ್ಟಳು. “ಗೊನ್ಸಾಲೊಗೆ ಇದನ್ನ ತೋರಿಸ್ತೇನೆ ಅಂತಲೇ ಕರಕೊಂಡು ಬಂದೆ. ಅವನ ಅಮ್ಮ ಕಡಲಲ್ಲಿ ಕಾಲು ಅದ್ದುವಾಗ ಇಬ್ಬರೇ ಬಂದು ನೋಡುದು ಅಂತ. ದಾರಿಯುದ್ದಕ್ಕೂ ಅಂದ್ಕೊಂಡು ಬಂದೆ.” ಅವಳು ಅಡುಗೆಯಂಗಡಿಯ ಕಡೆ, ಕಂಬದ ಕಡೆ ತಿರುಗಿದಳು. “ಆ ಬಟ್ಟೆ ನನಗಾ?”

ಅವನು ಅಲ್ಲ ಎನ್ನಬೇಕಿತ್ತು. “ಅವರಿಗೆ ತಪ್ಪು ತಿಳಿದದ್ದು ಮಗಾ. ನಾನು ಮರೆತಿದ್ದೆ. ನನಗೆ ನೆನಪಾಗ್ಲಿಲ್ಲ.”

“ನಿಂಗೆ ಯಾವಾಗ್ಲೂ ಆಮೇಲೆಯೇ ನೆನಪಾಗುದು,” ಎಂದಳು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಎಂದುಕೊಂಡ. ಎಷ್ಟೋ ವರ್ಷದಿಂದ ಮಡಚಿಟ್ಟುಕೊಂಡಿದ್ದ ಮಾತು, ನನ್ನದು ತಪ್ಪಾಯ್ತು, ಆ ದಿನ ನೀನು ಕತ್ತಲೆ ಅಂದಾಗ ನನಗೆ ತಿಳೀಲಿಲ್ಲ, ಎಂಬುದು ತುಟಿಯವರೆಗೆ ಬಂತು. ಅಷ್ಟರಲ್ಲಿ ದಿಬ್ಬದ ಮೇಲಿಂದ ಗೊನ್ಸಾಲೊ ಕೈಬೀಸಿದ. ಅವಳು ಬಗ್ಗಿ ಕಾಲಿನ ಮರಳು ಕೊಡವಿ ಚಪ್ಪಲಿ ಹಾಕಿಕೊಂಡಳು. “ಬರ್ತೇನೆ,” ಎಂದಳು. ದಂಡೆಯಲ್ಲಿ ಹೋಗುವವರೆಲ್ಲ ಹಾಗೇ ಹೇಳುತ್ತಾರೆ.

ಅವನು ಹಿಂದೆಯೇ ನಡೆದ. ಏದುಸಿರು ಬಿಡುತ್ತ ದಿಬ್ಬ ಹತ್ತುವಷ್ಟರಲ್ಲಿ ಇವೊನ್ ಹಿಂದಿನ ಸೀಟಿನಲ್ಲಿ ಟೋಪಿಯನ್ನು ಮುಖಕ್ಕೆ ಮುಚ್ಚಿ ಒರಗಿದ್ದಳು, ಗೊನ್ಸಾಲೊ ಎಡಗಡೆ ಕೂತು ಎಂಜಿನ್ ಶುರುಮಾಡಿದ್ದ. ಯಾಸ್ನಾ ಅವನ ಪಕ್ಕ, ಬಲಗಡೆಯ ಕಿಟಕಿಯಲ್ಲಿ. ಗಾಜು ಇಳಿಸಿತ್ತು. ನೊಲ್ಬೆರ್ತೊ ಆ ಕಿಟಕಿಯಿಂದ ಒಂದು ಮಾರು ದೂರಕ್ಕೆ ಬಂದು ನಿಂತು ಕೈಯೆತ್ತಿದ. ಅವಳು ರಸ್ತೆಯನ್ನು ನೋಡುತ್ತಿದ್ದಳು. ಅವನ ಕಡೆಗಿದ್ದದ್ದು ಬಲಗಣ್ಣು. ಕಂದು ಬಣ್ಣದ್ದು, ಚೆಂದದ್ದು, ಎಷ್ಟು ಜಾಗ್ರತೆಯಿಂದ ನೆಟ್ಟಗೆ ಕೂರಿಸಿದ್ದರು! ರೆಪ್ಪೆ ಬಡಿಯಿತು, ತೆರೆಯಿತು.

ಎತ್ತಿದ ಕೈಯನ್ನು ಆಡಿಸಿದ. ಕಣ್ಣು ಕದಲಲಿಲ್ಲ.

“ಯಾಸ್ನಾ,” ಎಂದ. ಈ ಹೆಸರನ್ನು ಅವಳನ್ನು ಕರೆಯಲೆಂದು ಅವನು ಬಳಸಿದ್ದು ಅದೇ ಮೊದಲು. ಎಂಜಿನ್ನಿನ ಸದ್ದಿನಲ್ಲಿ ಬೇರೆ ಯಾರನ್ನೋ ಬೇರೆ ಯಾರೋ ಕರೆದಂತೆ ಕೇಳಿಸಿತು. ಅವಳು ತಿರುಗಲಿಲ್ಲ. ಅವಳು ತಿರುಗುವ ಹೆಸರು ಒಂದೇ ಇತ್ತು. ಎಷ್ಟು ಸಿಟ್ಟಿದ್ದರೂ, ಶಾಲೆಯಿಂದ ಅಳುತ್ತ ಬಂದ ದಿನವೂ, ಅವನು ಅಲೆಯಾಚೆಯಿಂದ ಕೂಗಿದರೆ ಅವಳು ತಿರುಗಿ ನೋಡಿಯೇ ನೋಡುತ್ತಿದ್ದಳು. ಈಗ ಕೂಗಿದರೂ ತಿರುಗುತ್ತಾಳೆ, ಗೊತ್ತು. ಕೈಗಳು ತಾವಾಗಿ ಬಾಯಿಯ ಸುತ್ತ ಗೂಡುಕಟ್ಟಿದವು, ಎದೆ ತುಂಬ ಗಾಳಿ ತುಂಬಿಕೊಂಡಿತು. ಹಿಂದಿನ ಸೀಟಿನಲ್ಲಿ ಇವೊನ್ ಟೋಪಿ ಸರಿಸಿ ಅವನನ್ನು ನೋಡಿ, ಮುದುಕ ಏನೋ ಹೇಳಲು ಬಂದಿದ್ದಾನೆಂದು ನಗುಮುಖದಿಂದ ಕಾದಳು.

ಕಾರು ಹೊರಟಿತು. ಬಾಯಿಯ ಸುತ್ತ ಕಟ್ಟಿದ ಕೈಗಳನ್ನು ಇಳಿಸದೆ ಅವನು ಧೂಳು ಅಡಗುವವರೆಗೆ ನಿಂತಿದ್ದ. ಕೆಳಗೆ ಏಡಿ ಸ್ಟೂಲು ಹಾಕಿಕೊಂಡು ಕಂಬದಿಂದ ಕಪ್ಪು ಬಟ್ಟೆ ಬಿಚ್ಚುತ್ತಿದ್ದ. ಆ ಕೈಯಲ್ಲಿ ಉಳಿದ ಎರಡು ಬೆರಳಿಗೆ ಗಂಟು ಬಿಗಿಯಾಗಿತ್ತು, ಬರುತ್ತಿರಲಿಲ್ಲ.

“ಇರ್ಲಿ ಬಿಡು ಮಾರಾಯ,” ಎಂದ ನೊಲ್ಬೆರ್ತೊ ಇಳಿದು ಬಂದು. “ಇವತ್ತೊಂದಿನ ಇರ್ಲಿ.”